ಈಚೆ ದಡಕ್ಕೆ ತೊಂದರೆಯಿಲ್ಲ

ಆಗಸ್ಟ್ 9

ಅಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಪಾಪು ಒಂದು ದಿನ ಮೂರು ಗಂಟೆ ಒಟ್ಟಿಗೆ ಮಲಗಿದರೆ ಆಗ ತುಂಬುತ್ತೇನೆ. ಇದನ್ನು ಫ್ರಿಜ್ಜಿನ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಅವಳಿಗೆ ನನ್ನ ಎಡ ಹೆಗಲೇ ಹಾಸಿಗೆ. ನಾನು ಕೂತರೆ ಸಾಕು, ಕಣ್ಣು ಬಿಡುತ್ತಾಳೆ. ಅದು ಹೇಗೆ ಗೊತ್ತಾಗುತ್ತದೋ. ಅಕ್ಷರ ಒಂದು ಕಡೆಗೆ ವಾಲಿದ್ದರೆ ಅದು ಅವಳ ಭಾರ ಎಂದುಕೋ.

ಐದು ತಿಂಗಳಾಯಿತು. ಅವಳು ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಅದಕ್ಕೇ ಎದ್ದುಬಿಡುತ್ತಾಳೆ. ನಿನ್ನ ಅಳಿಯ ಹಡಗಿನಿಂದ ಫೋನ್ ಮಾಡಿ, ಅವಳ ಪಾಡಿಗೆ ಅವಳು ಉಸಿರಾಡಲಿ ಬಿಡು ಎಂದು ನಗುತ್ತಾರೆ. ದೂರ ಇರುವವರಿಗೆ ನಗು ಸುಲಭ.

ನಿನಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ಕೇಳಿಸಿದ್ದಕ್ಕೂ ಹೂಂ, ಕೇಳಿಸದ್ದಕ್ಕೂ ಹೂಂ. ಕಾಗದವಾದರೆ ಬೇಕಾದಷ್ಟು ಸಲ ಓದಬಹುದು. ದೋಣಿಮಾವ ಬೆಳಗಿನ ದೋಣಿಯಲ್ಲಿ ಇದನ್ನು ಒಯ್ದು ನಿನ್ನ ಉತ್ತರ ತರುತ್ತೇನೆ ಎಂದಿದ್ದಾರೆ. ನಮ್ಮಿಬ್ಬರ ನಡುವೆ ಇರುವುದು ಇಪ್ಪತ್ತೈದು ನಿಮಿಷದ ನೀರು. ಎರಡು ವರ್ಷದಿಂದ ನೀನು ಅದನ್ನು ದಾಟಿಲ್ಲ.

ನಾನು ಮತ್ತೆ ಮೀನುಗಾರಿಕೆ ಕಚೇರಿಗೆ ಹೋಗುತ್ತಿದ್ದೇನೆ. ಪಾಪುವನ್ನು ಕೆಳಗಿನ ಮನೆಯ ಟೈಲರ್ ಅಕ್ಕ ನೋಡಿಕೊಳ್ಳುತ್ತಾರೆ, ಹೊಲಿಗೆ ಯಂತ್ರದ ಸದ್ದಿಗೆ ಮಲಗುತ್ತಾಳಂತೆ. ಕಚೇರಿಯಲ್ಲಿ ಏನೂ ಬದಲಾಗಿಲ್ಲ. ಅದೇ ಮೇಜು, ಮೊಳೆಗೆ ನೇತುಹಾಕಿದ ಅದೇ ಕಂಚಿನ ಬಳೆ. ಬಳೆಯೊಳಗಿಂದ ನುಸುಳುವಷ್ಟು ಸಣ್ಣ ಚಿಪ್ಪನ್ನು ತೆಗೆದ ಜಾಗಕ್ಕೇ ವಾಪಸ್ಸು ಬಿಡಬೇಕು ಎಂಬ ಅದೇ ಹಲಗೆ. ನಮ್ಮ ಕಾವಲುಗಾರನಿಗೆ ನೀವು ಹೆಂಗಸರು ಇಟ್ಟ ‘ಸೀಟಿ’ ಎಂಬ ಹೆಸರು ಈಗ ಕಚೇರಿಯೊಳಗೂ ಓಡುತ್ತಿದೆ, ಅವನೊಬ್ಬನಿಗೇ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಆವತ್ತು ಸೀಟಿ ನಿನ್ನ ಚಿಪ್ಪಿನ ಬುಟ್ಟಿಯನ್ನು ಎಲ್ಲರೆದುರು ನೀರಿಗೆ ಬೋರಲು ಹಾಕಿದಾಗ ಅದರಲ್ಲಿ ಸಣ್ಣವು ಮೂರೇ ಮೂರು ಇದ್ದವು ಎಂದು ನನಗೂ ಗೊತ್ತಿತ್ತು. ರಿಜಿಸ್ಟರಿನಲ್ಲಿ ನಿನ್ನ ಪರವಾನಗಿ ಬಿಲ್ಲೆಯ ನಂಬರು ಬರೆದವಳು ನಾನೇ. ತಲೆ ಎತ್ತಲಿಲ್ಲ. ಇದನ್ನು ಇಷ್ಟು ದಿನ ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಬರೆದೆ.

ಮೊಮ್ಮಗಳನ್ನು ನೋಡಲು ಬಾ. ಭಾನುವಾರ ಸೀಟಿ ಇರುವುದಿಲ್ಲ.

ನಿದ್ದೆಗೆಟ್ಟ ನಿನ್ನ ಮಗಳು

---

ಆಗಸ್ಟ್ 13

ಮಗಳೇ,

ನಿನ್ನ ಕಾಗದ ಎರಡು ಸಲ ಓದ್ದೆ. ಬುಟ್ಟಿ ವಿಷಯ ಒಂದೇ ಸಲ ಓದ್ದೆ.

ಮಗು ಮೂಗಿಗೆ ಬೆರಳು ಹಿಡಿಯೋದು ಬಿಡು. ನೀನು ಹುಟ್ಟಿದಾಗ ನಾನೂ ಹಾಗೇ ಮಾಡ್ತಿದ್ದೆ, ನಿಮ್ಮಪ್ಪ ಬೈತಿದ್ರು. ಉಸಿರಾಡೋದು ಅವಳ ಕೆಲಸ, ಅವಳು ಮಾಡ್ಕೋತಾಳೆ. ನೀನು ನಿನ್ನ ಕೆಲಸ ನೋಡು. ಎರಡು ಹೊತ್ತಿನ ಊಟ ಬಿಸಿಬಿಸಿ ತಿಂತಿದ್ದೀಯಾ ಅದನ್ನ ಬರಿ.

ಕೆಲಸ ಅಂದ್ರೆ ನೆನಪಾಯ್ತು. ನಿಮ್ಮ ಕಚೇರಿಯೋರು ನಮ್ಮ ದೋಣಿ ಕಡವಿನ ಹಲಗೆಗೆ ಒಂದು ಕಾಗದ ಅಂಟಿಸಿ ಹೋಗಿದ್ದಾರೆ. ‘ಸದರಿ ವಲಯ ಎರಡರಲ್ಲಿ ಚಿಪ್ಪುಜೀವಿಗಳ ಸಂಗ್ರಹಣೆಯನ್ನು ನಿಯಂತ್ರಿಸಲು ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ನಾವು ಆರು ಜನ ಬುಟ್ಟಿ ಇಳಿಸಿ ನಿಂತು ಓದಿದ್ವಿ. ಸದರಿ ಅಂದ್ರೆ ಯಾರು ಅಂತ ಒಬ್ಬಳು ಕೇಳಿದ್ಲು. ಹೊಸದಾಗಿ ಬಂದ ಸಾಹೇಬ್ರು ಇರಬೇಕು ಅಂದೆ. ವಲಯ ಎರಡು ಎಲ್ಲಿದೆ, ನಮ್ಮ ಕಡೇನಾ ನಿಮ್ಮ ಕಡೇನಾ? ತೆಗೀಬೇಕಾ ಬಿಡಬೇಕಾ? ಇಷ್ಟು ಓದಿದೋಳು ಅಲ್ಲಿ ಕೂತಿದ್ದೀಯಲ್ಲ, ಮನುಷ್ಯರು ಮಾತಾಡೋ ಹಾಗೆ ಬರಿಯೋಕೆ ಆಗಲ್ವಾ?

ಬರೋದು ನೋಡೋಣ. ಮೊಣಕಾಲು ನೋವು.

ಅಮ್ಮ

---

ಆಗಸ್ಟ್ 26

ಅಮ್ಮಾ,

ಊಟ ಬಿಸಿಯಾಗಿಯೇ ಮಾಡುತ್ತೇನೆ, ತಿನ್ನುವುದು ಆರಿದ ಮೇಲೆ.

ನೀನು ಬೈದದ್ದು ಒಳ್ಳೆಯದಾಯಿತು. ‘ಸದರಿ’ ಸಾಹೇಬರ ಕಥೆಯನ್ನು ಕಚೇರಿಯಲ್ಲಿ ಹೇಳಿದೆ, ನಮ್ಮ ಸಾಹೇಬರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ನಿನ್ನೆ ನೀರಿನ ಪರೀಕ್ಷೆಯ ವರದಿ ಬಂತು. ಅಳಿವೆಯ ನೀರಿನಲ್ಲಿ ಒಂದು ಕಡೆ ವಿಷ ಸೇರಿದೆ. ನೋಡಲು ನೀರು ತಿಳಿಯಾಗಿಯೇ ಇದೆಯಂತೆ, ಚಿಪ್ಪು ಒಳಗೆಳೆದುಕೊಂಡು ಇಟ್ಟುಕೊಂಡುಬಿಡುತ್ತದೆ, ಅದಕ್ಕೇನೂ ಆಗುವುದಿಲ್ಲ, ತಿಂದವರಿಗೆ ಆಗುತ್ತದೆ. ನೋಟಿಸ್ ಹಾಕಬೇಕಿತ್ತು. ಕರೆಂಟು ಇರಲಿಲ್ಲ, ಹಾಗಾಗಿ ನಾನೇ ಕೈಯಲ್ಲಿ, ದಪ್ಪ ಪೆನ್ನಿನಲ್ಲಿ ಬರೆದೆ. ನಿನ್ನನ್ನು ಎದುರಿಗೆ ಕೂರಿಸಿಕೊಂಡ ಹಾಗೆ ಬರೆದೆ. ಮೂರೇ ಸಾಲು. ಒಂದೇ ಒಕ್ಕಣೆ, ಎರಡು ಪ್ರತಿ, ದಡಕ್ಕೊಂದು. ಸಾಹೇಬರು ಓದಿ, ಇದು ನೋಟಿಸೋ ಮನೆಯವರಿಗೆ ಬರೆದಿಟ್ಟ ಚೀಟಿಯೋ ಎಂದರು. ಆದರೂ ಸಹಿ ಹಾಕಿದರು.

ಅಪರೂಪಕ್ಕೆ ಒಂದು ಕೆಲಸವನ್ನು ನೆಟ್ಟಗೆ ಮಾಡಿದೆ ಅನಿಸಿತು. ಈಚೆಗೆ ಹಾಗನಿಸುವುದೇ ಇಲ್ಲ. ಮೊನ್ನೆ ಸಕ್ಕರೆ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು, ಹಾಲನ್ನು ಕಪಾಟಿನಲ್ಲಿಟ್ಟಿದ್ದೆ. ಕಚೇರಿಯಲ್ಲಿ ನನ್ನನ್ನು ಇನ್ನೂ ಕಾಯಂ ಮಾಡಿಲ್ಲ, ಈ ವರ್ಷದ ಕೊನೆಗೆ ಮಾಡುತ್ತಾರಂತೆ. ಅಲ್ಲಿಯವರೆಗೆ ಹಾಲು ಎಲ್ಲಿಟ್ಟೆ ಎಂಬುದು ಅವರಿಗೆ ಗೊತ್ತಾಗದಿದ್ದರೆ ಸಾಕು.

ಹಲಗೆಯ ಮೇಲೆ ಬರೆದಿರುವ ಹಾಗೆ ನಡೆದುಕೋ. ತಪ್ಪಬೇಡ.

ನಿನ್ನ ಮಗಳು, ಮೂರು ಸಾಲಿನ ಲೇಖಕಿ

---

ಆಗಸ್ಟ್ 28

ಮಗಳೇ,

ನಿನ್ನ ನೋಟಿಸು ನೋಡ್ದೆ. ಹೆಂಗಸರೆಲ್ಲ ನಿಂತು ಓದಿದ್ರು, ಯಾರೂ ಯಾರನ್ನೂ ಅರ್ಥ ಕೇಳಲಿಲ್ಲ. ‘ಆಚೆ ದಡದಲ್ಲಿ ಚಿಪ್ಪು ತೆಗೆಯಬೇಡಿ. ನೀರು ಕೆಟ್ಟಿದೆ, ಕುದಿಸಿದರೂ ವಿಷ ಹೋಗುವುದಿಲ್ಲ. ಈಚೆ ದಡಕ್ಕೆ ತೊಂದರೆಯಿಲ್ಲ.’ ನೀನೇ ಬಂದು ಹೇಳಿದ ಹಾಗಿತ್ತು.

ಪಾಪ, ನಿಮ್ಮ ಕಡೆಯೋರು ಈಗ ಏನು ಮಾಡ್ತಾರೋ ಅಂತ ಮರುಗಿದ್ವಿ. ಒಬ್ಬಳಿಗೆ ಅನುಮಾನ ಬಂತು, ಕಚೇರಿ ಇರೋದು ಅಲ್ಲಿ, ಅವರ ಈಚೆ ಯಾವುದೋ ಅಂತ. ನಾನು ಬಿಡಲಿಲ್ಲ. ಇದು ನನ್ನ ಮಗಳ ಅಕ್ಷರ, ಅವಳು ಈ ಕೆಸರಲ್ಲೇ ನಡೆಯೋಕೆ ಕಲಿತೋಳು, ಅವಳ ಈಚೆ ಅಂದ್ರೆ ನಮ್ಮ ಈಚೇನೇ, ಇಳೀರಿ ನೀರಿಗೆ ಅಂದೆ.

ಬೆಳಗಿನ ನೀರಿಳಿತದಲ್ಲಿ ಕಾಲಿಟ್ಟ ಕಡೆಯೆಲ್ಲ ಹೆಬ್ಬೆರಳಿಗೆ ಚಿಪ್ಪು ಸಿಗ್ತಿತ್ತು. ಒಂದು ಚೀಲ ದೋಣಿಮಾವನ ಕೈಲಿ ಕಳಿಸಿದ್ದೀನಿ. ನಿಮ್ಮ ಕಡೆ ಮುಚ್ಚಿದ್ದಾರಲ್ಲ, ನಿನಗೆಲ್ಲಿ ಸಿಗಬೇಕು. ಎಲ್ಲಾನೂ ಬಳೆಗೆ ಹಿಡಿದು ನೋಡಿದ್ದೀನಿ, ಒಂದೂ ನುಸುಳಲ್ಲ, ಸೀಟಿಗೆ ತೋರಿಸು ಬೇಕಾದ್ರೆ. ದೋಣಿಮಾವನಿಗೂ ಒಂದಿಷ್ಟು ಬೇಯಿಸಿ ಡಬ್ಬಿಗೆ ಹಾಕಿ ಕೊಟ್ಟೆ.

ಭಾನುವಾರ ಬಂದರೂ ಬಂದೆ. ಮಗುಗೆ ಮುಖ ಗುರುತು ಹಿಡಿಯೋ ವಯಸ್ಸಾಯ್ತಾ?

ಅಮ್ಮ

---

ಆಗಸ್ಟ್ 28, ಬೆಳಿಗ್ಗೆ 9.40

ಅಮ್ಮಾ ತಿನ್ನಬೇಡ. ಯಾರೂ ತಿನ್ನಬೇಡಿ. ಕೆಟ್ಟಿರುವುದು ನಿಮ್ಮ ದಡ. ನಾನು ಆಚೆ ಎಂದು ಬರೆದದ್ದು ನಿಮ್ಮನ್ನು.

ಎಲ್ಲರ ಮನೆಗೂ ಹೇಳು. ತಿಂದಿದ್ದರೆ, ತುಟಿ ಜುಮ್ಮೆನ್ನುತ್ತಿದ್ದರೆ, ನಾಲಿಗೆ ಮರಗಟ್ಟಿದ್ದರೆ, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ. ಫೋನಿಗೆ ನೀನು ಬರೀ ಹೂಂ ಎಂದೆ, ಅದಕ್ಕೇ ಇದನ್ನು ಸೀಟಿಯ ಕೈಯಲ್ಲಿ ಕಳಿಸುತ್ತಿದ್ದೇನೆ, ಕಚೇರಿಯ ಬೋಟಿನಲ್ಲಿ ಬರುತ್ತಿದ್ದಾನೆ. ಅವನ ಮೇಲಿನ ಸಿಟ್ಟಿಗೆ ಬಾಗಿಲು ಹಾಕಿಕೊಳ್ಳಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.

ದೋಣಿಮಾವ ಚೀಲ ಕೊಟ್ಟು ಹೋದರು. ಎಲ್ಲಿಗೆ ಹೋದರೋ ಗೊತ್ತಿಲ್ಲ. ಹುಡುಕಲು ಹೋಗುತ್ತಿದ್ದೇನೆ.

---

ಸೆಪ್ಟೆಂಬರ್ 3

ಅಮ್ಮಾ,

ದೋಣಿ ನಿಂತಿದೆ. ಇದನ್ನು ಅಂಚೆಗೆ ಹಾಕುತ್ತೇನೆ, ಸೇತುವೆ ಸುತ್ತಿ ಬರಲು ಮೂರು ದಿನವಾದರೂ ಬೇಕು. ಅಂಚೆ ಡಬ್ಬಿಯ ಹತ್ತಿರ ಯಾರಾದರೂ ಇದ್ದಾರೋ ನೋಡಿಕೊಂಡು ಹಾಕಬೇಕು. ವಿಚಾರಣೆ ಮುಗಿಯುವ ತನಕ ಆ ದಡದವರ ಜೊತೆ ಮಾತೂ ಬೇಡ, ಭೇಟಿಯೂ ಬೇಡ ಎಂದು ಸಾಹೇಬರು ಹೇಳಿದ್ದಾರೆ. ಬರೆಯಬೇಡ ಎಂದು ಹೇಳಲಿಲ್ಲ. ಈ ಕಾಲದಲ್ಲಿ ಕಾಗದ ಬರೆಯುವವರಿದ್ದಾರೆ ಎಂದು ಅವರಿಗೆ ಹೊಳೆದಿರಲಾರದು.

ಆವತ್ತು ನಡೆದದ್ದು ಹೀಗೆ. ದೋಣಿಮಾವ ಚೀಲವನ್ನೂ ಕಾಗದವನ್ನೂ ಬಾಗಿಲಲ್ಲಿ ಕೊಟ್ಟು, ಎಲ್ಲಾದರೂ ಕೂತು ತಿಂಡಿ ತಿನ್ನುತ್ತೇನೆ ಎಂದು ಹೋದರು. ನಿನ್ನ ಕಾಗದವನ್ನು ಆಮೇಲೆ ನಿಧಾನವಾಗಿ ಓದೋಣ ಎಂದು ಗೂಡಿನಲ್ಲಿಟ್ಟು, ಚಿಪ್ಪು ತೊಳೆದು ನೀರಿಗೆ ಹಾಕಿ ಒಲೆ ಹಚ್ಚಿದೆ. ಯಾವ ದಡದ್ದು ಎಂದು ಕೇಳಲೂ ಇಲ್ಲ. ನೀನು ಕಳಿಸಿದ್ದು ಎಂದರೆ ಮುಗಿಯಿತು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಚಿಪ್ಪುಗಳು ಒಂದೊಂದಾಗಿ ಬಾಯಿ ಬಿಡುತ್ತಿದ್ದವು. ಪಾಪುವನ್ನು ಸೆರಗಿನಲ್ಲಿ ಹೆಗಲಿಗೆ ಕಟ್ಟಿಕೊಂಡಿದ್ದೆ. ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ನಿನ್ನ ಕಾಗದ. ‘ಅವಳ ಈಚೆ ಅಂದ್ರೆ ನಮ್ಮ ಈಚೇನೇ’ ಎಂಬಲ್ಲಿಗೆ ಬಂದದ್ದೇ ನಿನಗೆ ಆ ಚೀಟಿ ಬರೆದು ಸೀಟಿಯ ಕೈಗೆ ಕೊಟ್ಟೆ.

ಕಡವಿಗೆ ಓಡಿದೆ. ದೋಣಿಮಾವ ಕಟ್ಟೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಡಬ್ಬಿ ಖಾಲಿ. ಹಗ್ಗವನ್ನು ಕೈಗೆತ್ತಿಕೊಳ್ಳುತ್ತಾರೆ, ಬಿದ್ದುಹೋಗುತ್ತದೆ, ಮತ್ತೆ ಎತ್ತುತ್ತಾರೆ. ನನ್ನನ್ನು ನೋಡಿ ನಗಲು ಹೋದರು, ತುಟಿ ಬರಲಿಲ್ಲ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎದೆ ಏರುವುದೇ ಕಷ್ಟವಾಗಿತ್ತು. ಈಗಲೂ ಅವರ ಪರವಾಗಿ ಯಂತ್ರವೇ ಉಸಿರಾಡುತ್ತಿದೆ. ಈ ವಿಷಕ್ಕೆ ಮದ್ದಿಲ್ಲ, ದೇಹವೇ ಹೊರಹಾಕಬೇಕು, ಅಲ್ಲಿಯ ತನಕ ಉಸಿರು ನಿಲ್ಲದ ಹಾಗೆ ನೋಡಿಕೊಳ್ಳುವುದೇ ನಮ್ಮ ಕೆಲಸ ಎಂದರು ಡಾಕ್ಟರು. ಯಾರ ಮೂಗಿನ ಹತ್ತಿರ ಬೆರಳು ಹಿಡಿಯಬೇಕಿತ್ತೋ ಅವರನ್ನು ಬಿಟ್ಟು ಇನ್ಯಾರದೋ ಹತ್ತಿರ ಹಿಡಿದು ಕೂತಿದ್ದೆ.

ನನ್ನ ಮಾತು ಕೇಳು. ಆ ಚಮಚವನ್ನು ನಾನು ಬಾಯಿಗೆ ಹಾಕಿದ್ದೆನೋ ಇಲ್ಲವೋ ನೆನಪಾಗಲೇ ಇಲ್ಲ. ಎಷ್ಟು ತಿಣುಕಿದರೂ ಇಲ್ಲ. ನಿದ್ದೆಯಿಲ್ಲದ ತಲೆಯಲ್ಲಿ ಹತ್ತು ನಿಮಿಷದ ಹಿಂದಿನದೂ ಅಳಿಸಿಹೋಗುತ್ತದೆ. ಇಡೀ ದಿನ ತುಟಿ ಚಿವುಟಿಕೊಳ್ಳುತ್ತಾ ಕೂತೆ. ಪಾಪುವಿಗೆ ಎದೆಹಾಲು ಕೊಡಲು ಧೈರ್ಯವಾಗದೆ ಬಾಟಲಿ ಹಿಡಿಸಿದೆ. ಅವಳು ಬಾಟಲಿ ತಳ್ಳಿ ನನ್ನನ್ನೇ ನೋಡುತ್ತಿದ್ದಳು. ನನಗೆ ಏನೂ ಆಗಲಿಲ್ಲ.

ನೀನು ಚೆನ್ನಾಗಿದ್ದೀಯ, ಬಾಗಿಲಲ್ಲೇ ನಿಂತು ಮಾತಾಡಿದೆ ಎಂದು ಸೀಟಿ ಬಂದು ಹೇಳಿದ. ಅವನ ಮಾತನ್ನು ನಂಬಲು ಇಷ್ಟೊಂದು ಆಸೆಪಟ್ಟದ್ದು ಇದೇ ಮೊದಲು. ನಿಜವಾ? ಒಂದು ಸಾಲಾದರೂ ಬರಿ.

ನಿನ್ನ ಮಗಳು

---

ಸೆಪ್ಟೆಂಬರ್ 8

ಮಗಳೇ,

ಸೀಟಿಗೆ ಚೆನ್ನಾಗಿದ್ದೀನಿ ಅಂದಿದ್ದು ಸುಳ್ಳು. ನಾನು ನಾಲ್ಕು ತಿಂದಿದ್ದೆ. ಅವನು ಬಂದಾಗ ತುಟಿ ನನ್ನದಲ್ಲ ಅನ್ನೋ ಹಾಗಿತ್ತು, ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಿದ್ದೆ. ಅವನೆದುರಿಗೆ ಬೀಳೋಕೆ ಇಷ್ಟ ಇರಲಿಲ್ಲ. ಮಾರನೇ ದಿನ ಸರಿಹೋಯ್ತು. ಈಗ ಹೇಳ್ತಿದ್ದೀನಿ, ಹೆದರಬೇಡ. ಬೇರೆ ಯಾರೂ ತಿಂದಿರಲಿಲ್ಲ. ಎಲ್ಲರ ಬುಟ್ಟಿನೂ ಅವನೇ ಮಣ್ಣಲ್ಲಿ ಹೂಳಿಸಿದ. ಈ ಸಲ ಬೋರಲು ಹಾಕಿದಾಗ ನಾನೂ ಕೈ ಹಾಕಿದೆ.

ದೋಣಿಮಾವನಿಗೆ ಡಬ್ಬಿ ಕಟ್ಟಿಕೊಟ್ಟೋಳು ನಾನು. ಇನ್ನೆರಡು ಹಾಕ್ಲಾ ಅಂತ ಕೇಳಿ ಹಾಕಿದೋಳು ನಾನು. ಅವನಿಗೆ ಏನಾದ್ರೂ ಆದ್ರೆ ಮುಚ್ಚಿಡಬೇಡ.

ಅವತ್ತಿಂದ ನನಗೆ ಒಂದೇ ಯೋಚನೆ. ವಿಷದ್ದಲ್ಲ. ನೀನು ಇಲ್ಲಿದ್ದಾಗ ಇದೇ ಹೊಸಲ ಮೇಲೆ ಕೂತು, ಅಮ್ಮಾ ಆಚೆ ದೀಪ ಹತ್ತಿಸಿದ್ರು ನೋಡು ಅಂತ ಕೈ ತೋರಿಸ್ತಿದ್ದೆ. ನಿನಗೆ ನಾವು ಆಚೆಯೋರು ಆಗಿದ್ದು ಯಾವಾಗ? ಮದುವೆ ಆದಾಗಾ, ಕೆಲಸಕ್ಕೆ ಸೇರಿದಾಗಾ? ಬೈಯೋಕೆ ಕೇಳ್ತಿಲ್ಲ. ನನಗೆ ಗೊತ್ತೇ ಆಗಲಿಲ್ಲವಲ್ಲ ಅಂತ ಕೇಳ್ತಿದ್ದೀನಿ.

ನಿನ್ನೆ ನಿಮ್ಮ ಕಚೇರಿಯಿಂದ ನನ್ನ ಹೆಸರಿಗೆ ಕಾಗದ ಬಂತು. ನಿಷೇಧ ಗೊತ್ತಿದ್ದೂ ನಾನು ಚಿಪ್ಪು ತೆಗೆದೆ, ಬೇರೆಯೋರನ್ನೂ ನೀರಿಗಿಳಿಸಿದೆ ಅಂತಿದೆ. ಇಪ್ಪತ್ತಾರನೇ ತಾರೀಖು ವಿಚಾರಣೆಗೆ ಬರಬೇಕಂತೆ, ಬಿಲ್ಲೆ ಯಾಕೆ ರದ್ದು ಮಾಡಬಾರದು ಅಂತ ಹೇಳಬೇಕಂತೆ. ನಿಮ್ಮಪ್ಪ ತೀರಿಕೊಂಡ ವರ್ಷ ಸಿಕ್ಕಿದ ಬಿಲ್ಲೆ ಅದು. ಅದನ್ನ ಕೊರಳಿಗೆ ಹಾಕ್ಕೊಂಡೇ ನಿನ್ನ ಓದಿಸಿದ್ದು.

ಅಮ್ಮ

---

ಸೆಪ್ಟೆಂಬರ್ 13

ಅಮ್ಮಾ,

ದೋಣಿಮಾವ ನಿನ್ನೆಯಿಂದ ತಾವೇ ಉಸಿರಾಡುತ್ತಿದ್ದಾರೆ. ಮಾತು ತೊದಲುತ್ತದೆ, ಕೈಗೆ ಹಿಡಿತ ಬಂದಿಲ್ಲ. ನನ್ನನ್ನು ನೋಡಿ ಮೊದಲು ಕೇಳಿದ್ದು ದೋಣಿ ಕಟ್ಟಿದ್ದಾರಾ ಎಂದು. ಕಟ್ಟಿದ್ದಾರೆ ಎಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯಲು ಮೂರು ಸಲ ಕಾಗದ ತೆಗೆದಿಟ್ಟೆ. ಯಾವಾಗ ಎಂದು ನನಗೂ ಗೊತ್ತಿಲ್ಲ. ಬರೆಯುವಾಗ ನನ್ನ ಮೇಜು ಯಾವ ದಡದಲ್ಲಿದೆ ಎಂದು ಯೋಚಿಸಲೇ ಇಲ್ಲ. ಯೋಚಿಸದೆಯೇ ಬಂದ ಮಾತು ಅದು, ಅದಕ್ಕೇ ಹೆದರಿಕೆ.

ಇಲ್ಲಿಯ ವಿಷಯ. ವಿಚಾರಣೆಗೆ ದೊಡ್ಡ ಕಚೇರಿಯಿಂದ ಒಬ್ಬರು ಅಧಿಕಾರಿ ಬರುತ್ತಾರೆ. ಆ ನೋಟಿಸಿಗೆ ಸಹಿ ಹಾಕಿದ್ದು ನಮ್ಮ ಸಾಹೇಬರು, ಅವರಿಗೂ ಈಗ ನಿದ್ದೆಯಿಲ್ಲ. ಮೊನ್ನೆ ಬಾಗಿಲು ಹಾಕಿಸಿ ನನ್ನನ್ನು ಕೂರಿಸಿಕೊಂಡರು. ನಿನಗೂ ಮಗು ಇದೆಯಮ್ಮ, ಮುಂದಿನದನ್ನು ಯೋಚನೆ ಮಾಡು ಎಂದರು. ಸಿಟ್ಟಿನಲ್ಲಿ ಹೇಳಿದ್ದರೆ ಎದುರು ಮಾತಾಡುತ್ತಿದ್ದೆನೇನೋ. ಟೀ ತರಿಸಿಕೊಟ್ಟು ಹೇಳಿದರು.

ಈಗ ಫೈಲಿನಲ್ಲಿ ಟೈಪ್ ಮಾಡಿದ ನೋಟಿಸೊಂದಿದೆ. ಆಗಸ್ಟ್ 25ನೇ ತಾರೀಖಿನದು. ಅದರಲ್ಲಿ ಆಚೆ, ಈಚೆ ಎಂದಿಲ್ಲ. ವಲಯ ಎರಡು ಎಂದಿದೆ. ನಮ್ಮ ದಡದ ಹಲಗೆಯ ಮೇಲಿದ್ದ ಕೈಬರಹದ ಪ್ರತಿಯನ್ನು ತೆಗೆಸಿದ್ದಾರೆ. ನಿಮ್ಮ ದಡದ್ದನ್ನು ತೆಗೆಯಲು ಸೀಟಿ ಬಂದಾಗ ಹಲಗೆಯ ಮೇಲೆ ಬರೀ ನಾಲ್ಕು ಮೊಳೆ ಇದ್ದವಂತೆ.

ಗಾಳಿಗೆ ಹಾರಿ ನೀರಿಗೆ ಬಿದ್ದಿರಬೇಕು, ಅಲ್ಲವಾ?

ಪಾಪುವಿಗೆ ಹಲ್ಲು ಬರುವ ಸೂಚನೆಯಿದೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ.

ನಿನ್ನ ಮಗಳು

---

ಸೆಪ್ಟೆಂಬರ್ 18

ಮಗಳೇ,

ಗಾಳಿಗೆ ಹಾರಿಲ್ಲ. ಅವತ್ತೇ, ಸೀಟಿ ಬುಟ್ಟಿ ಹೂಳಿಸ್ತಿದ್ದಾಗ, ನಾನು ಹೋಗಿ ಕಿತ್ತು ಸೆರಗಲ್ಲಿ ಇಟ್ಟುಕೊಂಡೆ. ಯಾರಿಗೂ ತೋರಿಸೋಕಲ್ಲ. ನಿನ್ನ ಅಕ್ಷರ ಅಲ್ಲಿ ನೇತಾಡೋದು, ಹೋಗೋರು ಬರೋರು ನೋಡಿ ಬೈಯೋದು ಬೇಡ ಅನ್ನಿಸ್ತು.

ಇದರ ಜೊತೆ ಇಟ್ಟಿದ್ದೀನಿ. ಸುಟ್ಟುಬಿಡು. ನೀನೇ ಸುಡು, ಬೇರೆ ಯಾರ ಕೈಗೂ ಕೊಡಬೇಡ.

ನೀನು ಬಾಯಿಬಿಟ್ಟು ಕೇಳಲಿಲ್ಲ. ನಿನಗೆ ಚಿಕ್ಕಂದಿನಿಂದ ಅದೇ ಅಭ್ಯಾಸ, ಬೇಕಾದ್ದನ್ನ ಕೇಳದೆ ಅದರ ಸುತ್ತ ಸುತ್ತೋದು. ಹಲ್ಲಿನ ವಿಷಯ ಬರೆದೆಯಲ್ಲ, ಅಲ್ಲೇ ನನಗೆ ಗೊತ್ತಾಯ್ತು.

ಇಪ್ಪತ್ತಾರಕ್ಕೆ ಬಂದು, ನೋಟಿಸು ಸರಿಯಾಗೇ ಇತ್ತು, ಓದಿದೆ, ಕೇರ್ ಮಾಡಲಿಲ್ಲ ಅಂತೀನಿ. ಹೆಂಗಸರಿಗೂ ಹೇಳಿ ಒಪ್ಪಿಸಿದ್ದೀನಿ, ಅವರನ್ನ ನಾನೇ ಇಳಿಸಿದ್ದು ಅಂತ ಹೇಳ್ತಾರೆ, ಅದು ನಿಜಾನೇ ಅಲ್ವಾ. ಬಿಲ್ಲೆ ಹೋದ್ರೆ ಹೋಗಲಿ. ಮೊಣಕಾಲು ಹೇಗೂ ನೀರು ಬೇಡ ಅಂತಿದೆ. ಕಾಲಿನ ಹೆಬ್ಬೆರಳಿಗೆ ಮಾತ್ರ ಹೇಗೆ ಹೇಳೋದೋ ಗೊತ್ತಿಲ್ಲ, ಮಲಗಿದಾಗಲೂ ಚಾದರದಲ್ಲಿ ತಡಕುತ್ತೆ.

ನಾನು ಬಂದಾಗ ನನ್ನ ಮಾತಾಡಿಸಬೇಡ. ಗುರುತಿಲ್ಲದ ಹಾಗಿರು. ನಾವಿಬ್ಬರು ಮಾತಾಡಿಕೊಂಡು ಬಂದಿದ್ದೀವಿ ಅನ್ನಬಾರದು.

ಅಮ್ಮ

---

ಸೆಪ್ಟೆಂಬರ್ 27

ಅಮ್ಮಾ,

ನಿನ್ನೆ ನೀನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಆ ಕೋಣೆಯಲ್ಲಿ ಫ್ಯಾನಿನ ಸದ್ದು ಬೇರೆ. ನಾನು ಏನು ಹೇಳಿದೆ ಎಂಬುದು ನಿನಗೆ ಕೇಳಿಸಲಿಲ್ಲ ಎಂದು ನನಗೆ ಗೊತ್ತು. ಕಂಡದ್ದು ಇಷ್ಟೇ: ನಾನು ಚೀಲದಿಂದ ಒಂದು ಕಾಗದ ತೆಗೆದು ಅಧಿಕಾರಿಯ ಮೇಜಿನ ಮೇಲೆ ಬಿಡಿಸಿಟ್ಟದ್ದು. ಅದನ್ನು ನೋಡಿದ ಕೂಡಲೇ ನೀನು ಎದ್ದು ಹೊರಟೆ. ನಾನು ಕರೆದೆ, ಅದೂ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಹೊರಗೆ ಬರುವ ಹೊತ್ತಿಗೆ ಸೇತುವೆಯ ಬಸ್ಸು ಹೋಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ದಿನ ಸುಡಲೆಂದೇ ಒಲೆ ಹಚ್ಚಿದ್ದೆ. ಅದೇ ಒಲೆ. ಮೂಲೆಗೆ ಬೆಂಕಿ ತಾಗಿಸಿಯೂ ಆಗಿತ್ತು, ಬಲಗಡೆಯ ತುದಿ ಕಪ್ಪಾಗಿರುವುದು ಅದಕ್ಕೇ. ನಾನೇನು ಗಟ್ಟಿಗಿತ್ತಿಯಲ್ಲ ಎಂದು ನಿನಗೆ ತಿಳಿದಿರಲಿ. ಪಾಪು ಹೆಗಲಿನಿಂದ ಕೈ ಚಾಚಿ ಕಾಗದವನ್ನು ಹಿಡಿಯಲು ಬಂದಳು. ಅವಳ ಕೈ ಸುಡುತ್ತದೆ ಎಂದು ಆರಿಸಿದೆ. ಆರಿಸಿದ ಮೇಲೆ ಮತ್ತೆ ಹಚ್ಚಲು ಆಗಲಿಲ್ಲ. ಮೂರು ಸಾಲನ್ನೂ ಓದಿದೆ. ಯಾರನ್ನು ಎದುರಿಗೆ ಕೂರಿಸಿಕೊಂಡು ಬರೆದೆನೋ ಅವಳಿಗೇ ವಿಷ ಉಣಿಸಿ, ಅವಳ ಕೈಯಿಂದಲೇ ಬಿಲ್ಲೆ ಬಿಚ್ಚಿಸುತ್ತಿದ್ದೇನೆ ಅನಿಸಿತು.

ನೀನು ಮೊದಲೇ ನಿನ್ನ ಸುಳ್ಳನ್ನು ಹೇಳಿ ಮುಗಿಸಿದ್ದೆ. ಓದಿದೆ, ಕೇರ್ ಮಾಡಲಿಲ್ಲ ಎಂದು ಗಂಟಲು ಬಿಚ್ಚಿ ಹೇಳಿದೆ. ಸಾಹೇಬರು ಕುರ್ಚಿಗೆ ಒರಗಿ ಕೂತರು. ಅಧಿಕಾರಿ ಟೈಪ್ ಮಾಡಿದ ನೋಟಿಸನ್ನು ಎತ್ತಿ ತೋರಿಸಿ, ಹಲಗೆಯ ಮೇಲಿದ್ದದ್ದು ಇದೇ ತಾನೆ ಎಂದು ನನ್ನನ್ನು ಕೇಳಿದರು. ಹೌದು ಎನ್ನುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಆಗ ಚೀಲಕ್ಕೆ ಕೈ ಹಾಕಿದೆ. ನಾನು ಹೇಳಿದ್ದು ಇದು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ:

“ಎರಡೂ ನಾನೇ ಬರೆದದ್ದು ಸರ್. ಕೈಯಲ್ಲಿ ಬರೆದದ್ದು ತಪ್ಪು. ಟೈಪ್ ಮಾಡಿದ್ದು ಸುಳ್ಳು.”

ನೀನು ಆ ಹೊತ್ತಿಗೆ ಬಾಗಿಲು ದಾಟಿದ್ದೆ.

ಅವರು ಕೈಬರಹದ್ದನ್ನು ಎರಡು ಸಲ ಓದಿದರು. ಆಚೆ ಎಂದರೆ ಯಾವುದು ಎಂದು ಕೇಳಿದರು. ಯಾರು ಎಲ್ಲಿ ನಿಂತು ಓದುತ್ತಾರೋ ಅದರ ಮೇಲೆ ಎಂದೆ. ಹಾಗಾದರೆ ಈ ಹೆಂಗಸು ನೋಟಿಸಿನಲ್ಲಿದ್ದಂತೆಯೇ ನಡೆದುಕೊಂಡಿದ್ದಾರಲ್ಲ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ನಿದ್ದೆಗೆಟ್ಟಿದ್ದೆ, ಮಗು ಚಿಕ್ಕದು ಎಂದು ಬರೆದುಕೊಡು, ಹಗುರವಾಗುತ್ತದೆ ಎಂದು ಸಾಹೇಬರು ಪಿಸುಗುಟ್ಟಿದರು. ನಿದ್ದೆಗೆಟ್ಟದ್ದು ನಿಜ. ಆದರೆ ಟೈಪ್ ಮಾಡಿದ ದಿನ ನಾನು ಪೂರ್ತಿ ಎಚ್ಚರವಾಗಿದ್ದೆ. ಹಾಗಾಗಿ ಬರೆದುಕೊಡಲಿಲ್ಲ. ಕೊನೆಗೆ ಅಧಿಕಾರಿ ಸುಮ್ಮನೆ, ಮಾತಿಗೆ ಎಂಬಂತೆ, ನಿಮ್ಮ ಮನೆ ಯಾವ ದಡ ಎಂದು ಕೇಳಿದರು. ಎಲ್ಲದಕ್ಕೂ ಉತ್ತರ ಕೊಟ್ಟವಳಿಗೆ ಅದೊಂದಕ್ಕೆ ಬಾಯಿ ಬರಲಿಲ್ಲ.

ನಿನ್ನ ಬಿಲ್ಲೆ ನಿನ್ನದೇ. ಆದೇಶ ಅಂಚೆಯಲ್ಲಿ ಬರುತ್ತದೆ. ನಾನು ಒಂದನೇ ತಾರೀಖಿನಿಂದ ಕಚೇರಿಗೆ ಹೋಗಬೇಕಾಗಿಲ್ಲ. ಸಾಹೇಬರ ಮೇಲೆ ಬೇರೆ ವಿಚಾರಣೆ ಇದೆಯಂತೆ. ಸೀಟಿ ಹೊರಗೆ ನಿಂತಿದ್ದ. ಏನೋ ಹೇಳಬೇಕೆಂದು ಬಂದವನು, ಸೀಟಿಯನ್ನು ಜೇಬಿನಿಂದ ತೆಗೆದು, ನೋಡಿ, ಮತ್ತೆ ಜೇಬಿಗೇ ಹಾಕಿಕೊಂಡು ಹೋದ.

ಇನ್ನೊಂದು. ಪಾಪು ಟೈಲರ್ ಅಕ್ಕನ ಜೊತೆ ವರಾಂಡದಲ್ಲಿದ್ದಳು. ವಿಚಾರಣೆಗೆ ಮುಂಚೆ ಯಾರೋ ಒಬ್ಬ ಹೆಂಗಸು ಬಂದು, ಒಂದೂ ಮಾತಾಡದೆ, ಪಾಪುವಿನ ಪಾದ ಹಿಡಿದು, ಹೆಬ್ಬೆರಳು ತೋರುಬೆರಳು ಸೇರಿಸಿ ಬಳೆ ಮಾಡಿ ಅದರೊಳಗೆ ತೂರಿಸಿ ನೋಡಿ ಹೋದರು ಎಂದು ಅಕ್ಕ ಹೇಳಿದರು. ಯಾರಮ್ಮ ಅದು ಎಂದು ಕೇಳಿದರು. ಗುರುತಿಲ್ಲದ ಹಾಗಿರು ಎಂದು ನೀನು ಬರೆದಿದ್ದೆ. ಗೊತ್ತಿಲ್ಲ ಅಕ್ಕ ಎಂದೆ.

ಸಿಟ್ಟಿದ್ದರೆ ಸಿಟ್ಟು ಬರಿ. ಸುಮ್ಮನಿರಬೇಡ.

ನಿನ್ನ ಮಗಳು

---

ಅಕ್ಟೋಬರ್ 5

ಮಗಳೇ,

ಇದನ್ನ ತರ್ತಿರೋದು ದೋಣಿಮಾವ. ಮೊನ್ನೆಯಿಂದ ದೋಣಿ ಬಿಟ್ಟಿದ್ದಾನೆ. ಕೈ ಇನ್ನೂ ನಡುಗುತ್ತೆ, ಹಗ್ಗ ಈ ಕಡೆ ನಾವು ಕಟ್ತೀವಿ, ಆ ಕಡೆ ಹತ್ತೋರು ಕಟ್ತಾರೆ. ನಾನು ಕ್ಷಮೆ ಕೇಳೋಕೆ ಹೋದ್ರೆ, ಕಾಗದ ಇದ್ರೆ ಕೊಡು, ಡಬ್ಬಿ ಮಾತ್ರ ಬೇಡ ಅಂದ.

ಸಿಟ್ಟು ಬಂದಿತ್ತು. ನಾನು ಅಷ್ಟು ಗಂಟಲು ಹರ್ಕೊಂಡು ಹೇಳಿದ ಸುಳ್ಳನ್ನ ನೀನು ಮೂರು ಮಾತಲ್ಲಿ ಕೆಡಿಸಿದೆ. ಬಸ್ಸಲ್ಲಿ ಪೂರ್ತಿ ದಾರಿ ಬೈಕೊಂಡು ಬಂದೆ. ನಿನ್ನ ಕಾಗದ ಬಂದ ಮೇಲೆ ಆ ಮೂರು ಮಾತು ಎಷ್ಟು ಸಲ ಓದ್ದೆ ಅಂತ ಬರಿಯಲ್ಲ.

ಬಿಲ್ಲೆ ಆದೇಶ ಬಂತು. ಹಾಕ್ಕೊಂಡಿದ್ದೀನಿ. ಆದ್ರೆ ಏನು, ನೀರಿಗೆ ಇಳಿಯೋ ಹಾಗಿಲ್ಲ. ಹಲಗೆ ಮೇಲೆ ಹೊಸ ನೋಟಿಸು ಬಂದಿದೆ, ಅರ್ಧ ಪುಟ ಇದೆ, ಸದರಿ ಸಾಹೇಬ್ರು ವಾಪಸ್ಸು ಬಂದಿದ್ದಾರೆ. ‘ಮುಂದಿನ ಆದೇಶದವರೆಗೆ ಸದರಿ ನಿರ್ಬಂಧವನ್ನು ಷರತ್ತುಗಳಿಗೊಳಪಟ್ಟು ಸಡಿಲಿಸಲಾಗಿದೆ.’ ತೆಗೀಬಹುದು ಅಂತಾಳೆ ಒಬ್ಬಳು, ಬಾರದು ಅಂತಾಳೆ ಇನ್ನೊಬ್ಬಳು. ಈ ಸಲ ನಾನು ಬಾಯಿ ಹಾಕಲ್ಲ ಅಂದೆ. ಆರು ಬುಟ್ಟಿ ಹಲಗೆ ಮುಂದೆ ಖಾಲಿ ಕೂತಿವೆ. ನಿನ್ನ ಮಗಳನ್ನ ಕರೆಸು ಅಂತ ಎಲ್ಲರೂ ನನ್ನ ಮುಖ ನೋಡ್ತಾರೆ. ನೀನು ತಪ್ಪು ಬರೆದೆ ಅಂತ ಅವರಿಗೆಲ್ಲ ಗೊತ್ತು. ಆದ್ರೂ ಅರ್ಥ ಆಗೋ ಹಾಗೆ ತಪ್ಪು ಬರೆದಿದ್ದಳು ಅಂತಾರೆ.

ಭಾನುವಾರದ ದೋಣಿಗೆ ಬಂದು ಓದಿ ಹೇಳು. ನಮ್ಮ ಹಲಗೆ ಮುಂದೆ ನಿಂತು ಹೇಳು.

ಮಗು ಪಾದ ನಾನು ಅಳೆದೆ. ಬಳೆಯೊಳಗಿಂದ ಸಲೀಸಾಗಿ ನುಸುಳುತ್ತೆ. ಅಂಥದ್ದನ್ನ ತೆಗೆದ ಜಾಗಕ್ಕೇ ವಾಪಸ್ಸು ಬಿಡಬೇಕು ಅಂತ ನಿಮ್ಮ ಕಚೇರಿ ನಿಯಮಾನೇ ಇದೆ. ಅದು ಮಾತ್ರ ನಮಗೆಲ್ಲ ಅರ್ಥ ಆಗುತ್ತೆ.

ಈಚೆಯಿಂದ,
ಅಮ್ಮ